ಹೊಲಿದ ಹಡಗು, ತೂಗುವ ದೋಣಿ

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೆ ಅರಬೈಲು ಘಾಟಿ ಇಳಿದ ಮೇಲೆ ಗಾಳಿಯೇ ಬೇರೆ. ಬೆವರು, ಒಣಮೀನಿನ ವಾಸನೆ, ತೆಂಗಿನ ನೆರಳು ಎಲ್ಲ ಒಟ್ಟಿಗೇ ಎದುರಾಗುತ್ತವೆ. ಹೆಚ್ಚಿನವರು ಅಂಕೋಲೆಯಲ್ಲಿ ಚಹಾ ಕುಡಿದು ನೇರ ಕಾರವಾರಕ್ಕೆ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿರೆಂದು ನನ್ನ ಸಲಹೆ. ಒಂದು ಆಟೋ ಮಾಡಿಕೊಂಡು ಬೇಲೆಕೇರಿಗೋ ಕೇಣಿಗೋ ಹೋಗಿ, ಮರಳ ಮೇಲೆ ಎಳೆದಿಟ್ಟ ದೋಣಿಗಳನ್ನು ಹತ್ತಿರದಿಂದ ನೋಡಿ.

ಸಣ್ಣ ದೋಣಿಗಳು ಎಷ್ಟು ಸಪೂರ ಅಂದರೆ, ಇವು ನೀರಿನಲ್ಲಿ ನೆಟ್ಟಗೆ ನಿಲ್ಲುವುದೇ ಆಶ್ಚರ್ಯ. ಅದಕ್ಕೇ ಒಂದು ಪಕ್ಕಕ್ಕೆ ಎರಡು ಬಾಗಿದ ಕೋಲು ಚಾಚಿ, ತುದಿಗೆ ಹಗುರ ಮರದ ತುಂಡೊಂದನ್ನು ಹಗ್ಗದಿಂದ ಬಿಗಿದಿರುತ್ತಾರೆ. ಕೊಂಕಣಿ ಮಾತಿನವರು ಅದನ್ನು ಉಲಾಂಡಿ ಎನ್ನುತ್ತಾರೆ. ದೋಣಿ ಆ ಕಡೆಗೆ ವಾಲಿದರೆ ಮರ ಮುಳುಗಲೊಲ್ಲದೆ ಮೇಲಕ್ಕೆ ಒತ್ತುತ್ತದೆ. ಈ ಕಡೆಗೆ ವಾಲಿದರೆ ಅದರ ಭಾರವೇ ಹಿಡಿದೆಳೆಯುತ್ತದೆ. ಒಂದು ಸೊಂಟದಲ್ಲಿ ಮಗು, ಇನ್ನೊಂದು ಕೈಯಲ್ಲಿ ತುಂಬಿದ ಕೊಡ ಹಿಡಿದು ನಡೆದ ಹೆಂಗಸಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಈಗ ಎಷ್ಟೋ ಕಡೆ ದೋಣಿ ಫೈಬರಿನದು, ಉಲಾಂಡಿ ಮಾತ್ರ ಮರದ್ದೇ.

ಬಲೆಯಿಂದ ಮೀನು ಬಿಡಿಸುತ್ತಿದ್ದ ಒಬ್ಬಾಕೆಯನ್ನು ಕೇಳಿದೆ, ಹೊಸ ದೋಣಿ ಸರಿಯಾಗಿದೆ ಅಂತ ಹೇಗಮ್ಮಾ ಗೊತ್ತಾಗ್ತದೆ?

“ಹೋದೋರು ತಿರುಗಿ ಬಂದ್ರೆ ಸರಿ ಅದೆ ಅಂತ,” ಎಂದಳು, ತಲೆ ಎತ್ತದೆ.

ಇದೇ ಪ್ರಶ್ನೆ ಕಾರವಾರದಲ್ಲಿ ದೊಡ್ಡದಾಗಿ ನಿಂತಿದೆ. 2025ರ ಮೇ 21ರಂದು ಅಲ್ಲಿಯ ನೌಕಾನೆಲೆಯಲ್ಲಿ ಒಂದು ಹಾಯಿಹಡಗನ್ನು ನೌಕಾಪಡೆಗೆ ಸೇರಿಸಿಕೊಂಡು ‘ಕೌಂಡಿನ್ಯ’ ಎಂದು ಹೆಸರಿಟ್ಟರು. ಹಿಂದೂ ಮಹಾಸಾಗರ ದಾಟಿ ಆಗ್ನೇಯ ಏಷ್ಯಕ್ಕೆ ಹೋದನೆಂದು ಕಥೆಯಿರುವ ನಾವಿಕನ ಹೆಸರು ಅದು. ಕೇರಳದ ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಗೋವೆಯಲ್ಲಿ ಕಟ್ಟಿದ ಈ ಹಡಗಿನ ವಿಶೇಷವೇನೆಂದರೆ, ಇದರ ಹಲಗೆಗಳನ್ನು ಮೊಳೆಯಿಂದ ಜಡಿದಿಲ್ಲ, ಹೊಲಿದಿದ್ದಾರೆ!

ಹಲಗೆಯನ್ನು ಹಬೆಯಲ್ಲಿ ಬೇಯಿಸುತ್ತಾರಂತೆ, ನಾವು ಕಡುಬು ಬೇಯಿಸಿದ ಹಾಗೆ. ಮೆತ್ತಗಾದಾಗ ಹಡಗಿನ ಮೈಗೆ ಬಾಗಿಸಿ, ಅಂಚಿಗೆ ಅಂಚು ಕೂಡಿಸಿ, ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಾರೆ. ಸಂದಿಗೆ ನಾರು, ಮರದ ಅಂಟು. ಮೊಳೆ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ. ಹೊಲಿಗೆಯಾದರೋ ಅಲೆ ಬಡಿದಾಗ ಸ್ವಲ್ಪ ಸಡಿಲಬಿಟ್ಟು ಮತ್ತೆ ಸೇರುತ್ತದೆ. ತೋಳಿನ ಕೆಳಗೆ ತೀರ ಬಿಗಿಯಾಗಿ ಹೊಲಿದ ರವಿಕೆ ಮೊದಲು ಎಲ್ಲಿ ಹರಿಯುತ್ತದೆಂದು ನಮಗೆ ಗೊತ್ತಲ್ಲ.

ಆದರೆ ಅಳತೆ? ಹಡಗಿನ ಆಕಾರ ತೆಗೆದದ್ದು ಅಜಂತಾದ 5ನೆಯ ಶತಮಾನದ ಒಂದು ಚಿತ್ರದಿಂದ. ಚಿತ್ರದಲ್ಲಿ ಹಡಗಿನ ಪಕ್ಕ ಕಾಣುತ್ತದೆ, ತಳ ಕಾಣುವುದಿಲ್ಲ. ಪತ್ರಿಕೆಯಲ್ಲಿ ಅಂಗಿಯ ಚಿತ್ರ ಬಂದು ಅಳತೆಯ ಪುಟವೇ ಕಳೆದುಹೋದರೆ ನಮ್ಮ ಪಾಡೇನು, ಅದೇ ಅವರ ಪಾಡು. ಮದರಾಸಿನ ಐ.ಐ.ಟಿ.ಯಲ್ಲಿ ಇದರ ಚಿಕ್ಕ ಮಾದರಿ ಮಾಡಿ, ನೀರಿನಲ್ಲಿ ಅದರ ನಡತೆ ಹೇಗೆಂದು ಪರೀಕ್ಷಿಸಿದರು. ಹಾಯಿಕಂಬದ ತಾಳಿಕೆಯನ್ನು ನೌಕಾಪಡೆಯವರು ಲೆಕ್ಕಹಾಕಿದರು. ಎಂಜಿನ್ ಇಲ್ಲ, ಈಗಿನ ಚುಕ್ಕಾಣಿಯಿಲ್ಲ, ತಿರುಗಿಸಲು ಉದ್ದನೆಯ ಹುಟ್ಟುಗಳು. ಇಂಥದನ್ನು ನಡೆಸಿದ ಹಿರಿಯರು ಯಾರೂ ಬದುಕಿಲ್ಲವಾದ್ದರಿಂದ ನಾವಿಕರು ಎಲ್ಲವನ್ನೂ ಸಮುದ್ರದ ಮೇಲೇ ಕಲಿಯಬೇಕಾಯಿತು. ಹಾಯಿಯ ಮೇಲೆ ನಮ್ಮ ಗಂಡಭೇರುಂಡವೂ ಇದೆ ಎಂದು ಓದಿ ನನಗೇನೋ ಬಹಳ ಸಂತೋಷವಾಯಿತು.

ಚೌಕಾಕಾರದ ಹಾಯಿಗೆ ಬೆನ್ನ ಹಿಂದಿನ ಗಾಳಿ ಬೇಕು. ಚಳಿಗಾಲದಲ್ಲಿ ಈಶಾನ್ಯದ ಗಾಳಿ ಅರಬಸ್ತಾನದ ಕಡೆ ಬೀಸುತ್ತದೆ. ಹಿಂದಿನ ವ್ಯಾಪಾರಿಗಳು ಹೊರಡುತ್ತಿದ್ದುದೂ ಆಗಲೇ. ಕೌಂಡಿನ್ಯ 2025ರ ಡಿಸೆಂಬರ್ 29ರಂದು ಪೋರಬಂದರದಿಂದ ಹೊರಟು 2026ರ ಜನವರಿ 14ರಂದು, ನಮ್ಮ ಸಂಕ್ರಾಂತಿಯ ಹೊತ್ತಿಗೆ, ಮಸ್ಕತ್ ಮುಟ್ಟಿತು. ಬೇಲೆಕೇರಿಯ ಆ ಹೆಂಗಸಿನ ಪರೀಕ್ಷೆಯಲ್ಲೂ ಪಾಸು ಅನ್ನಿ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ‘ಕದಂಬ’ ಎಂಬ ಹೆಸರಿನಿಂದ ಸೇವೆಗೆ ಸೇರಿತು. ಅರ್ಗಾ ಮೊದಲಾದ ಊರುಗಳ ಸಾವಿರಾರು ಕುಟುಂಬಗಳು ಅದಕ್ಕಾಗಿ ಮನೆ, ಗದ್ದೆ, ಬಲೆ ಎಳೆಯುವ ತೀರ ಬಿಟ್ಟುಕೊಟ್ಟವು. ಕೇಣಿಯಲ್ಲಿ ಹೊಸ ಬಂದರು ಬೇಡವೆಂದು ಮೀನುಗಾರರು 2025ರಲ್ಲಿ ಬೀದಿಗಿಳಿದರು. ಸಾವಿರಾರು ವರ್ಷದ ಹಳೆಯ ಹಡಗಿನ ವಿದ್ಯೆಯನ್ನು ಇಷ್ಟು ಆಸ್ಥೆಯಿಂದ ಹುಡುಕಿ ತಂದವರು, ಇನ್ನೂ ಉಸಿರಾಡುತ್ತಿರುವ ಉಲಾಂಡಿಯ ವಿದ್ಯೆಗೆ ಎಳೆದಿಡಲು ಒಂದಿಷ್ಟು ಮರಳನ್ನಾದರೂ ಉಳಿಸಿಕೊಡಬಾರದೇ?

ಹೋಗುವವರಿಗೆ ಎರಡು ಮಾತು. ನೌಕಾನೆಲೆಯೊಳಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ಯುದ್ಧನೌಕೆ ನೋಡುವ ಆಸೆ ಮಕ್ಕಳಿಗಿದ್ದರೆ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ‘ಚಪಲ್’ ಇದೆ. ಮೇ ತಿಂಗಳಲ್ಲಿ ಹೋದರೆ ಅಂಕೋಲೆಯ ಕರಿ ಈಶಾಡು ಮಾವು ಮರೆಯಬೇಡಿ, ತೆಳು ಸಿಪ್ಪೆ, ಜೋಪಾನವಾಗಿ ತನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ ದಿನಗಳಲ್ಲಿ ಮಳೆ ಸ್ವಲ್ಪ ಹೊಳವಾದಾಗ ಕೋಡಿಬಾಗದ ಕಡೆ, ಕಾಳಿ ನದಿ ಕಡಲು ಸೇರುವಲ್ಲಿ ನಿಂತು ನೋಡಿ. ಕೆಂಪು ನೀರಿನ ಮೇಲೆ ಸಣ್ಣ ದೋಣಿಗಳು ಮಾತ್ರ ಇರುತ್ತವೆ.