ಸಿಪ್ಪೆ ಸುಲಿಸಿಕೊಂಡ ಮರ

ಗಂಗೋತ್ರಿಯಿಂದ ಗೋಮುಖಕ್ಕೆ 18 ಕಿಲೋಮೀಟರ್ ಕಾಲುದಾರಿ. ಈ ದಾರಿಯಲ್ಲಿ ಮರಗಳು ಒಂದೊಂದಾಗಿ ನಮ್ಮ ಜೊತೆ ಬಿಡುತ್ತವೆ. ಊರಿನ ಅಂಚಿನವರೆಗೆ ದೇವದಾರು ಬರುತ್ತದೆ. ಚೀರಬಾಸಾ ತನಕ ಪೈನ್ ಬರುತ್ತದೆ. ಅಲ್ಲಿಂದ ಮುಂದೆ ಭಾಗೀರಥಿಯ ಎರಡೂ ದಡಗಳಲ್ಲಿ ಬಂಡೆ, ಜರಿಯುವ ಮಣ್ಣು, ಮಧ್ಯಾಹ್ನವಾದರೆ ಸಾಕು ಮೈಮೇಲೆ ಬೀಳುವ ಗಾಳಿ. ಈ ಗಾಳಿಯಲ್ಲೂ ಒಂದು ಜಾತಿಯ ಮರ ಸೊಂಟ ಬಾಗಿಸಿಕೊಂಡು ನಿಂತಿದೆ. ಅದೇ ಭೂರ್ಜ. ಅಲ್ಲಿಯವರ ಬಾಯಲ್ಲಿ ಭೋಜ್. ಅದನ್ನು ದಾಟಿದರೆ ಹುಲ್ಲು ಉಂಟು, ಹಿಮ ಉಂಟು, ಮರವಿಲ್ಲ.

ನಾವು ಹೋದದ್ದು ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ. ಎಲೆಗಳೆಲ್ಲ ಹಳದಿಯಾಗಿದ್ದವು. ಇನ್ನು ಕೆಲವು ದಿನಗಳಲ್ಲಿ ಅವೂ ಉದುರಿ, ಮರ ಬರಿಮೈಯಲ್ಲಿ ಹಿಮ ಹೊರಲು ತಯಾರಾಗುತ್ತದೆ. ಅದರ ಕೊಂಬೆಗಳು ಹಿಮದ ಭಾರಕ್ಕೆ ಮುರಿಯುವುದಿಲ್ಲ, ಬಾಗುತ್ತವೆ. ಬಾಗಿ ಬಾಗಿ ಕೆಲವು ನೆಲದ ಮೇಲೇ ಮಲಗಿ, ತುದಿಯಲ್ಲಿ ಮಾತ್ರ ತಲೆಯೆತ್ತಿರುತ್ತವೆ. ನೋಡಲು ಸೊಟ್ಟ ಮರ. ಆದರೆ ಮೈ ಮಾತ್ರ ಎಂಥ ಬಿಳುಪು! ಕೆಲವು ಕಡೆ ಬಿಳಿ, ಕೆಲವು ಕಡೆ ತಿಳಿಗುಲಾಬಿ, ಅಡ್ಡಡ್ಡವಾಗಿ ಕಂದು ಗೆರೆಗಳು. ತೊಗಟೆ ಈರುಳ್ಳಿಯಂತೆ ಪದರ ಪದರವಾಗಿ ತಾನೇ ಬಿಚ್ಚಿಕೊಂಡು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತದೆ. ನನ್ನ ಬೆರಳು ತಾನಾಗಿಯೇ ಅತ್ತ ಹೋಯಿತು. ಸಾಮಾನು ಹೊತ್ತಿದ್ದ ಗಢವಾಲಿ ಹುಡುಗ ನೋಡಿಯೇಬಿಟ್ಟ. "ಸಾಬ್, ಮುಟ್ಟಿ ನೋಡಿ, ಕೀಳಬೇಡಿ" ಎಂದ. ಮುಟ್ಟಿ ನೋಡಿದೆ. ನುಣುಪು, ಒಣಗಿದ್ದರೂ ತಣ್ಣಗೆ.

ಈ ತೊಗಟೆಯಲ್ಲಿರುವ ಬೆಟುಲಿನ್ ಎಂಬ ವಸ್ತುವೇ ಮರಕ್ಕೆ ಬಿಳುಪನ್ನೂ ಕೊಟ್ಟಿದೆ, ನೀರು ಒಳಗಿಳಿಯದಂತೆಯೂ ಮಾಡಿದೆ. ತೆಳ್ಳಗಿದ್ದೂ ನೀರಿಗೆ ಜಗ್ಗದ ಹಾಳೆ ಪುಕ್ಕಟೆಯಾಗಿ ಮರದ ಮೇಲೇ ಸಿಕ್ಕರೆ ಮನುಷ್ಯ ಸುಮ್ಮನಿರುತ್ತಾನೆಯೇ? ಬರೆಯತೊಡಗಿದ.

ಬರೆದದ್ದೆಲ್ಲ ಶಾಸ್ತ್ರವೇ ಎಂದುಕೊಳ್ಳಬೇಕಾಗಿಲ್ಲ. ಕಾಳಿದಾಸನ 'ಕುಮಾರಸಂಭವ'ದ ಹಿಮಾಲಯದಲ್ಲಿ ವಿದ್ಯಾಧರ ಸುಂದರಿಯರು ಬೆಟ್ಟದ ಬಣ್ಣದ ಖನಿಜ ತೇಯ್ದು ಭೂರ್ಜದ ಮೇಲೆ ಪ್ರೇಮಪತ್ರ ಬರೆಯುತ್ತಾರೆ. ಶಿವಗಣಗಳು ಅದೇ ತೊಗಟೆಯನ್ನು ಉಟ್ಟುಕೊಳ್ಳುತ್ತವೆ. 'ವಿಕ್ರಮೋರ್ವಶೀಯ'ದಲ್ಲಂತೂ ಊರ್ವಶಿ ಪುರೂರವನಿಗೆ ಕಳಿಸಿದ ಓಲೆ ಭೂರ್ಜದ್ದೇ. ಕಾಪಾಡಿಕೋ ಎಂದು ವಿದೂಷಕನ ಕೈಗೆ ಕೊಟ್ಟರೆ ಅವನು ಕಳೆದುಕೊಳ್ಳುತ್ತಾನೆ, ಅದು ಗಾಳಿಯಲ್ಲಿ ಹಾರಿ ಪಟ್ಟದ ರಾಣಿಗೇ ಸಿಗುತ್ತದೆ. ಭೂರ್ಜ ಎಷ್ಟು ಹಗುರ ಎಂಬುದು ಕಾಳಿದಾಸನಿಗೆ ಚೆನ್ನಾಗಿ ಗೊತ್ತಿತ್ತು. ತಾಳೆಗರಿಯಾಗಿದ್ದರೆ ರಾಜನ ಸಂಸಾರ ಇನ್ನಷ್ಟು ದಿನ ನೆಮ್ಮದಿಯಾಗಿರುತ್ತಿತ್ತೇನೋ.

ತಾಳೆಗರಿ ನಮ್ಮದು, ಭೂರ್ಜ ಅವರದು. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಅಲ್‌ಬೆರೂನಿ ಈ ಪಾಲು ಹಂಚಿಕೆಯನ್ನು ಸರಿಯಾಗಿ ಗುರುತಿಸಿದ್ದಾನೆ. ದಕ್ಷಿಣದವರು ತಾಳೆಗರಿಯ ಮೇಲೆ ಬರೆದು, ನಡುವೆ ತೂತು ಕೊರೆದು ದಾರ ಪೋಣಿಸುತ್ತಾರೆ. ಉತ್ತರದವರು ಭೂರ್ಜದ ತೊಗಟೆಗೆ ಎಣ್ಣೆ ಸವರಿ, ಉಜ್ಜಿ ನುಣುಪು ಮಾಡಿ ಬರೆದು, ಬಟ್ಟೆಯಲ್ಲಿ ಸುತ್ತಿ ಎರಡು ಹಲಗೆಗಳ ನಡುವೆ ಕಟ್ಟಿಡುತ್ತಾರೆ. ನಮ್ಮಲ್ಲಿ ಕಂಟದಿಂದ ಕೊರೆದು ಕಾಡಿಗೆ ತುಂಬುವ ಕೆಲಸ. ಅಲ್ಲಿ ಲೇಖನಿ, ಮಸಿ. 1875ರಲ್ಲಿ ಕಾಶ್ಮೀರದಲ್ಲಿ ಹಸ್ತಪ್ರತಿ ಹುಡುಕುತ್ತ ತಿರುಗಿದ ಜರ್ಮನ್ ವಿದ್ವಾಂಸ ಬ್ಯೂಲರ್ ಆ ಮಸಿಯ ವಿಧಾನವನ್ನೂ ಬರೆದಿಟ್ಟಿದ್ದಾನೆ. ಬಾದಾಮಿಯನ್ನು ಸುಟ್ಟ ಇದ್ದಿಲನ್ನು ಗೋಮೂತ್ರದಲ್ಲಿ ಕುದಿಸಬೇಕು. ಹಾಗೆ ಮಾಡಿದ ಮಸಿ ನೀರಿಗೆ ಅಳಿಸುತ್ತಿರಲಿಲ್ಲ. ನಮ್ಮ ಮೈಸೂರಿನಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ 'ಅರ್ಥಶಾಸ್ತ್ರ' ತಾಳೆಗರಿಯದು. ಭೂರ್ಜದ ಭಾಗ್ಯ ಬೇರೆ. ಅದು ಉಳಿದದ್ದು ಒಣ ಚಳಿಯ ನಾಡುಗಳಲ್ಲಿ, ಬೌದ್ಧರು ಹೂತಿಟ್ಟ ಮಣ್ಣಿನ ಮಡಕೆಗಳಲ್ಲಿ, ಪಾಳು ಸ್ತೂಪಗಳಲ್ಲಿ.

ಸಿಕ್ಕ ಬಗೆಗಳೂ ಸ್ವಾರಸ್ಯವಾಗಿವೆ. 1881ರಲ್ಲಿ ಪೇಶಾವರದ ಕಡೆಯ ಬಖ್ಶಾಲಿ ಎಂಬ ಹಳ್ಳಿಯಲ್ಲಿ ನೆಲ ಅಗೆಯುತ್ತಿದ್ದ ರೈತನೊಬ್ಬನಿಗೆ ಭೂರ್ಜದ ಕಟ್ಟೊಂದು ಸಿಕ್ಕಿತು. ಉಳಿದದ್ದು 70 ಹಾಳೆ, ಒಳಗಿದ್ದದ್ದು ಗಣಿತ. ಸೊನ್ನೆಯ ಜಾಗದಲ್ಲಿ ಅಲ್ಲೊಂದು ಚುಕ್ಕೆ. 1890ರಲ್ಲಿ ಕೊಲೆಗಾರನೊಬ್ಬನ ಬೆನ್ನಟ್ಟಿ ಮಧ್ಯ ಏಷ್ಯಾಕ್ಕೆ ಹೋಗಿದ್ದ ಬೋವರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಕೂಚಾದಲ್ಲಿ ಭೂರ್ಜದ ಪುಸ್ತಕವೊಂದನ್ನು ಕೊಂಡ. ಬಿಡಿಸಿ ಓದಿಸಿದರೆ ಅದು ವೈದ್ಯದ್ದು. ಮೊದಲ ಭಾಗವೇ ಬೆಳ್ಳುಳ್ಳಿಯ ಗುಣಗಾನ! ಚುಕ್ಕೆಯೂ ಬೆಳ್ಳುಳ್ಳಿಯೂ ಈಗ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿ ನೆರೆಹೊರೆ.

ಓದುಬರಹ ಇಲ್ಲದವರಿಗೂ ಈ ಮರ ಅಷ್ಟೇ ಬೇಕಾಗಿತ್ತು. ಕಾಶ್ಮೀರದವರು ಮನೆಯ ಸೂರಿನ ಹಲಗೆಗಳ ಮೇಲೆ ಇದರ ತೊಗಟೆ ಹಾಸಿ, ಮೇಲೆ ಮಣ್ಣು ಹರಡುತ್ತಿದ್ದರು. ವಸಂತ ಬಂದರೆ ಮಾಡಿನ ಮೇಲೆ ಹುಲ್ಲು, ಹೂವು. ಒಳಗೆ ಒಂದು ಹನಿ ಸೋರುತ್ತಿರಲಿಲ್ಲ. ಬೆಣ್ಣೆ ಕಟ್ಟುವುದಕ್ಕೂ ಇದೇ, ಕೊಡೆಗೆ ಹೊದಿಸುವುದಕ್ಕೂ ಇದೇ. ಎಲೆ ದನಕುರಿಗಳ ಮೇವಾಗಿತ್ತು, ಕಟ್ಟಿಗೆ ಒಲೆಗೆ ಹೋಗುತ್ತಿತ್ತು. ಅಕ್ಬರನ ಕಾಲಕ್ಕೆ ಕಾಶ್ಮೀರವೂ ಮೊಘಲರ ಆಳ್ವಿಕೆಗೆ ಬಂದು ಕಾಗದದ ಬಳಕೆ ಹೆಚ್ಚಿದ ಮೇಲೆ ಭೂರ್ಜದ ಮೇಲಿನ ಬರವಣಿಗೆ ನಿಧಾನವಾಗಿ ಹಿಂದೆ ಸರಿಯಿತು. ಉಳಿದದ್ದು ಮಂತ್ರ, ಯಂತ್ರ, ತಾಯಿತ.

ಆ ರೂಪದಲ್ಲಿ ಭೂರ್ಜ ನಮ್ಮೂರಿಗೂ ಬಂದಿದೆ. ಗ್ರಂಥಿಗೆ ಅಂಗಡಿಯಲ್ಲಿ ಅಳಲೆಕಾಯಿ, ಜೇಷ್ಠಮಧುಗಳ ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಕಂದು ಸಿಪ್ಪೆಯ ಚೂರುಗಳು. "ಅಸಲಿ ಹಿಮಾಲಯದ್ದು ಸ್ವಾಮಿ, ಅಷ್ಟಗಂಧದಲ್ಲಿ ದಾಳಿಂಬೆ ಕಡ್ಡಿ ಅದ್ದಿ ಬರೆಸಿ, ಗಲ್ಲಾಪೆಟ್ಟಿಗೆಯಲ್ಲಿಡಿ" ಎಂದು ಅಂಗಡಿಯವರು ದಾರಿ ಹೇಳುತ್ತಾರೆ. ಅವರ ಗಲ್ಲಾಪೆಟ್ಟಿಗೆಯಲ್ಲೂ ಒಂದು ಇತ್ತು. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿದ್ದುದರಿಂದ ನಾನು ವಾದಕ್ಕೆ ಇಳಿಯಲಿಲ್ಲ.

ಆದರೆ ಭೂರ್ಜಕ್ಕೆ ಕುತ್ತು ಬಂದದ್ದು ಯಂತ್ರ ಬರೆಯುವವರಿಂದಷ್ಟೇ ಅಲ್ಲ. ಗಂಗೋತ್ರಿಯ ದಾರಿಯಲ್ಲಿ ಭೋಜಬಾಸಾ ಎಂಬ ತಂಗುದಾಣವಿದೆ, ಸುಮಾರು 3,800 ಮೀಟರ್ ಎತ್ತರದಲ್ಲಿ. ಒಂದು ಕಾಲಕ್ಕೆ ಅಲ್ಲಿ ಭೂರ್ಜದ ಕಾಡಿತ್ತು. ಯಾತ್ರಿಕರು ಬಂದರು, ಚಾರಣಿಗರು ಬಂದರು, ಅವರ ಹಿಂದೆಯೇ ಚಹಾದ ಗುಡಾರಗಳು ಬಂದವು. ಅಷ್ಟು ಎತ್ತರದಲ್ಲಿ ನೀರು ಕಾಯಿಸಲು, ಮೈ ಕಾಯಿಸಲು ಸಿಗುವ ಸೌದೆ ಒಂದೇ. ಶತಮಾನಗಳ ಕಾಲ ಜನ ಬರೆದದ್ದನ್ನು ತಾಳಿಕೊಂಡ ಮರ ಕೆಲವೇ ದಶಕಗಳಲ್ಲಿ ಚಹಾಕ್ಕೆ ಸೋತಿತು. ಈಗ ಅಲ್ಲಿ ಕಣ್ಣು ಹಾಯಿಸಿದಷ್ಟೂ ಕಲ್ಲು. ಮೇಲಿನ ಇಳಿಜಾರಿನಲ್ಲಿ ಮಾತ್ರ ಅಷ್ಟಿಷ್ಟು ಮರ.

ಮತ್ತೆ ನೆಡುವುದೂ ಸುಲಭವಲ್ಲ. ವರ್ಷದಲ್ಲಿ ಬೆಳೆಯಲು ಸಿಗುವುದು ಕೆಲವೇ ತಿಂಗಳು. ಪರ್ವತಾರೋಹಿ ಹರ್ಷವಂತಿ ಬಿಷ್ಟ್ ಆ ಕಷ್ಟಕ್ಕೆ ಕೈ ಹಾಕಿದರು. ಅರ್ಜುನ ಪ್ರಶಸ್ತಿ ಪಡೆದ ಈಕೆ ಅರ್ಥಶಾಸ್ತ್ರದ ಅಧ್ಯಾಪಕಿಯೂ ಹೌದು. 1989ರಲ್ಲಿ ಗಂಗೋತ್ರಿ ಉಳಿಸುವ ಕೆಲಸಕ್ಕೆ ನಿಂತು, ಚೀರಬಾಸಾದಲ್ಲಿ ಭೂರ್ಜದ ಸಸಿಮಡಿ ಮಾಡಿ, ಭೋಜಬಾಸಾದಲ್ಲಿ ಬೇಲಿ ಹಾಕಿಸಿ ಸಸಿ ನೆಡಿಸಿದರು. 2021ರಲ್ಲಿ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಶಿಖರ ಏರಿದವರು ಹಲವರಿದ್ದಾರೆ. ದಾರಿಯಲ್ಲಿ ನಿಂತು ಸಸಿಗೆ ನೀರು ಹಾಕಿದವರು ಬೆರಳೆಣಿಕೆಯಷ್ಟು. ಇತ್ತ ಚಮೋಲಿ ಜಿಲ್ಲೆಯ ಮಾಣಾ, ನೀತಿ ಕಣಿವೆಗಳ ಹೆಂಗಸರು ಈಗ ಭೂರ್ಜದ ಮೇಲೆ ಅಕ್ಷರ, ಚಿತ್ರ ಬರೆದು ಯಾತ್ರಿಕರಿಗೆ ಮಾರುತ್ತಿದ್ದಾರೆ. ಅವರ ಮನೆಗೆ ನಾಲ್ಕು ಕಾಸು ಬರುವುದು ಸಂತೋಷವೇ. ತಾನಾಗಿ ಬಿಚ್ಚಿಕೊಂಡ, ಉದುರಿದ ತೊಗಟೆಯಾದರೆ ಮರಕ್ಕೆ ನಷ್ಟವಿಲ್ಲ. ಹಸಿ ಪದರದವರೆಗೆ ಕತ್ತಿ ಇಳಿಸಿ ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಇಡೀ ವಿಷಯ ಇರುವುದು ಈ ಒಂದು ಅಂತರದಲ್ಲಿ.

ಗೋಮುಖದ ದಾರಿಗೆ ಈಗ ದಿನಕ್ಕೆ 150 ಜನರಿಗಷ್ಟೇ ಪರವಾನಗಿ. ಅದರಲ್ಲಿ ನಿಮಗೊಂದು ಸಿಕ್ಕರೆ ಖಂಡಿತ ಹೋಗಿ ಬನ್ನಿ. ಭೂರ್ಜವನ್ನು ಮುಟ್ಟಿ ನೋಡಿ, ಕೀಳಬೇಡಿ. ಊರಲ್ಲಿ ಯಾರಾದರೂ ಯಂತ್ರ ಬರೆಸಿಕೊಳ್ಳಿ ಎಂದರೆ ಕಾಗದದ ಮೇಲೇ ಬರೆಸಿ. ಫಲ ಕೊಡುವ ದೇವರು ಕಾಗದವನ್ನೂ ಓದಬಲ್ಲ.