ಕಡೆಯ ವಂದನೆ

ಸತ್ಕಾರ್ಯವು ಸಾಕ್ಷಿಯನ್ನು ಅಪೇಕ್ಷಿಸುವುದಿಲ್ಲ. ಆದರೆ ಲೋಕವು ಅದನ್ನು ಅರಿಯಬೇಕಾದರೆ ಕಂಡವನೊಬ್ಬನಾದರೂ ಬದುಕಿರಬೇಕು. ಕೆನಡಾ ದೇಶದ ವೈಮಾನಿಕನಾದ ಆಂಡ್ರೂ ಮೈನಾರ್ಸ್ಕಿಯ ವೃತ್ತಾಂತವು ಇಂತಹದು.

ಪೋಲೆಂಡಿನಿಂದ ಬಂದು ವಿನಿಪೆಗ್ ನಗರದಲ್ಲಿ ನೆಲಸಿದ್ದ ದಂಪತಿಗಳಿಗೆ ಆತನು 1916ನೆಯ ಇಸವಿಯಲ್ಲಿ ಜನಿಸಿದನು. ಹದಿನಾರನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಯವರ ಪೋಷಣೆಗಾಗಿ ತೊಗಲು ಕತ್ತರಿಸುವ ಕೆಲಸವನ್ನು ಕೈಕೊಂಡನು. 1941ರಲ್ಲಿ ವಾಯುದಳವನ್ನು ಸೇರಿ, ಮುಂದೆ ಇಂಗ್ಲೆಂಡಿನ ಮಿಡ್ಲ್‌ಟನ್ ಸೇಂಟ್ ಜಾರ್ಜ್ ನೆಲೆಯಲ್ಲಿದ್ದ 419ನೆಯ ತುಕಡಿಗೆ ಬಂದನು. ಅಲ್ಲಿಯ ಲ್ಯಾಂಕಾಸ್ಟರ್ ಬಾಂಬು ವಿಮಾನವೊಂದರಲ್ಲಿ ಏಳು ಮಂದಿ ಸಂಗಡಿಗರು. ವಿಮಾನದ ಬೆನ್ನಿನ ಮೇಲಣ ಗೋಪುರದಲ್ಲಿ ಬಂದೂಕು ಹಿಡಿದವನು ಮೈನಾರ್ಸ್ಕಿ. ಬಾಲದ ಗೋಪುರದಲ್ಲಿದ್ದವನು ಆತನ ಆಪ್ತಮಿತ್ರನಾದ ಪ್ಯಾಟ್ ಬ್ರೋಫಿ. ಬ್ರೋಫಿಯದು ಮೇಲಿನ ಪದವಿಯಾದುದರಿಂದ ರಾತ್ರಿ ಅಗಲುವಾಗ ಮೈನಾರ್ಸ್ಕಿಯು ವಿನೋದಕ್ಕಾಗಿ ಸೆಟೆದು ನಿಂತು ವಂದಿಸಿ ಹೋಗುತ್ತಿದ್ದನು.

1944ನೆಯ ಜೂನ್ 6ರಂದು ಮಿತ್ರಸೈನ್ಯವು ನಾರ್ಮಂಡಿಯ ತೀರದಲ್ಲಿ ಇಳಿದಿದ್ದಿತು. ಅಲ್ಲಿಗೆ ಜರ್ಮನರ ಸಹಾಯವು ಬಾರದಂತೆ ಫ್ರಾನ್ಸಿನ ರೈಲುಮಾರ್ಗಗಳನ್ನು ಕೆಡಿಸಬೇಕಾಗಿತ್ತು. ಜೂನ್ 12ರ ರಾತ್ರಿ ಈ ವಿಮಾನವು ಕ್ಯಾಂಬ್ರೆ ಎಂಬಲ್ಲಿಯ ರೈಲು ನೆಲೆಯ ಕಡೆಗೆ ಹೊರಟಿತು. ನಡುರಾತ್ರಿ ಕಳೆದ ಮೇಲೆ ಶತ್ರುವಿಮಾನವೊಂದು ಮೇಲೆ ಬಿದ್ದಿತು. ಎಡಗಡೆಯ ಎರಡು ಎಂಜಿನುಗಳೂ ಕೆಟ್ಟು, ಒಡಲೊಳಗೆ ಬೆಂಕಿಯೆದ್ದಿತು. ಎಲ್ಲರೂ ಧುಮುಕುವಂತೆ ಚಾಲಕನು ಆಜ್ಞೆಯಿತ್ತನು. ಆದರೆ ಎಂಜಿನಿನ ಬಲದಿಂದ ತಿರುಗುತ್ತಿದ್ದ ಬಾಲದ ಗೋಪುರವು ಅಲುಗದೆ ನಿಂತುಬಿಟ್ಟಿತು. ಬ್ರೋಫಿ ಅದರೊಳಗೆ ಸೆರೆಯಾದನು.

ಧುಮುಕುವ ಬಾಗಿಲ ಬಳಿಗೆ ಬಂದಿದ್ದ ಮೈನಾರ್ಸ್ಕಿ ಇದನ್ನು ಕಂಡನು. ಒಂದು ಹೆಜ್ಜೆಯಿಟ್ಟಿದ್ದರೆ ಪ್ರಾಣವುಳಿಯುತ್ತಿತ್ತು. ಆತನು ಬೆಂಕಿಯನ್ನು ಹಾಯ್ದು ಹಿಂದಿರುಗಿದನು. ಕೊಡಲಿಯಿಂದ ಹೊಡೆದನು, ಬಳಿಕ ಬರಿಗೈಗಳಿಂದ ಎಳೆದನು, ಗೋಪುರವು ಕದಲಲಿಲ್ಲ. ಆತನ ಉಡುಪೂ ಧುಮುಕುಕೊಡೆಯೂ ಉರಿಯುತ್ತಿದ್ದವು. ತನ್ನನ್ನು ಬಿಟ್ಟು ಹೋಗೆಂದು ಬ್ರೋಫಿಯೇ ಕೈಸನ್ನೆ ಮಾಡಿದನು. ಮೈನಾರ್ಸ್ಕಿ ಮಿತ್ರನಿಗೆ ಬೆನ್ನು ತೋರಲಿಲ್ಲ. ಅವನತ್ತಲೇ ನೋಡುತ್ತ ಹಿಂದಕ್ಕೆ ತೆವಳಿ, ಬಾಗಿಲಲ್ಲಿ ನೆಟ್ಟಗೆ ನಿಂತು, ವಂದಿಸಿ ಧುಮುಕಿದನು. ನಿತ್ಯದ ವಿನೋದವೇ ಕಡೆಯ ಬೀಳ್ಕೊಡುಗೆಯಾಯಿತು. ನೆಲದ ಮೇಲೆ ಫ್ರೆಂಚರು ಆತನನ್ನು ಕಂಡರು; ಆದರೆ ಸುಟ್ಟಗಾಯಗಳಿಂದ ಆತನು ಬದುಕಲಿಲ್ಲ. ಆಗ ಆತನಿಗೆ ಇಪ್ಪತ್ತೇಳು ವರ್ಷ.

ವಿಮಾನವು ನೆಲಕ್ಕೆ ಅಪ್ಪಳಿಸಿದಾಗ ನಡೆದುದು ಆಶ್ಚರ್ಯ. ಬ್ರೋಫಿ ಗೋಪುರದಿಂದ ಹೊರಗೆ ಎಸೆಯಲ್ಪಟ್ಟು ಜೀವಸಹಿತ ಉಳಿದನು! ಉಳಿದ ಐವರೂ ಬದುಕಿದರು. ಬ್ರೋಫಿ ಹೇಳಿದ ಮೇಲೆಯೇ ಲೋಕಕ್ಕೆ ಈ ಸಂಗತಿ ತಿಳಿದುದು. 1946ರಲ್ಲಿ ಮೈನಾರ್ಸ್ಕಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ದೊರೆಯಿತು.

ಮಿತ್ರನನ್ನು ಉಳಿಸಿದುದು ಮೈನಾರ್ಸ್ಕಿಯ ಕೊಡಲಿಯಲ್ಲ, ದೈವಯೋಗ. ಹಾಗಾದರೆ ಆ ಪ್ರಯತ್ನವು ವ್ಯರ್ಥವೇ? ಫಲದಿಂದಲೇ ಕರ್ಮವನ್ನು ಅಳೆಯುವವರು ಹೌದೆನ್ನಬಹುದು. ಆದರೆ ಸಾಯುವೆನೆಂದು ತಿಳಿದಿದ್ದ ಬ್ರೋಫಿಯು, ತಾನು ಒಂಟಿಯಲ್ಲವೆಂಬುದನ್ನು ಆ ಜ್ವಾಲೆಯ ಬೆಳಕಿನಲ್ಲಿ ಕಂಡನು. ಅದಕ್ಕಿಂತ ಹೆಚ್ಚಿನ ಫಲವಾವುದು?

ಆ ಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡಿನ 55,573 ಮಂದಿ ಮಡಿದರು. ಒಬ್ಬನೂ ಉಳಿಯದ ವಿಮಾನಗಳು ಅನೇಕ. ಅವುಗಳೊಳಗೆ ಬೆಂಕಿಯನ್ನು ಹಾಯ್ದು ಹಿಂದಿರುಗಿದವರು ಎಷ್ಟು ಮಂದಿಯೋ! ಅವರ ವಂದನೆಯನ್ನು ಕಂಡವರಿಲ್ಲ. ಮೈನಾರ್ಸ್ಕಿಯನ್ನು ನೆನೆಯುವಾಗ ಹೆಸರಿಲ್ಲದ ಆ ತರುಣರನ್ನೂ ನೆನೆಯುವುದು ಧರ್ಮ.