ಅಂಕಪಟ್ಟಿಯಲ್ಲಿ ಸೇರದ ದುಡಿಮೆ

ನಿಮ್ಮ ಮನೆಯಲ್ಲೂ ಓದುತ್ತಲೇ ದುಡಿಯುವ ಮಗಳಿದ್ದರೆ, ನನ್ನ ಅನುಭವದ ಈ ನಾಲ್ಕು ಮಾತುಗಳು ನಿಮಗಾಗಿ.

ನಮ್ಮೂರು ಶಹಾಬಾದ, ಫರಸಿ ಕಲ್ಲಿಗೆ ಹೆಸರಾದ ಊರು. ನನ್ನ ಯಜಮಾನರು ಕಲ್ಲಿನ ಪಾಲಿಶ್ ಕೆಲಸದವರು. ಕೆಮ್ಮು ಹೆಚ್ಚಿ ಅವರು ವಾರದಲ್ಲಿ ಮೂರು ದಿನ ಮನೆಯಲ್ಲೇ ಉಳಿಯತೊಡಗಿದಾಗ, ಪಿಯುಸಿ ವಿಜ್ಞಾನಕ್ಕೆ ಸೇರಿದ್ದ ಮಗಳು ಸಂಜೆ ಹೊಲಿಗೆ ಅಂಗಡಿಗೆ ಹೋಗಿ ಸೀರೆಗಳಿಗೆ ಫಾಲ್, ಪೀಕೋ ಹಾಕತೊಡಗಿದಳು. ಅವಳು ತಂದ ಹಣದಿಂದ ಕಿರಾಣಿ ಬಾಕಿ ತೀರುತ್ತಿತ್ತು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ.

"ಕೆಲಸ ಮಾಡಿದ ಮಕ್ಕಳಿಗೆ ಕಾಲೇಜಿನಲ್ಲಿ ಬೇಗ ಸೀಟು ಸಿಗುತ್ತದಂತೆ, ಪತ್ರ ಬರೆಸಿಕೊಳ್ಳಿ" ಎಂದು ನೆಂಟರೊಬ್ಬರು ಹೇಳಿದರು. ಅಂಗಡಿಯ ಆಪಾ ಪ್ರೀತಿಯಿಂದ ಬರೆದುಕೊಟ್ಟರು. ನನ್ನ ಮನಸ್ಸಿಗೂ ಅದೇ ಬೇಕಿತ್ತು.

ಪ್ರಥಮ ಪಿಯುಸಿಯಲ್ಲಿ ಮಗಳು ಗಣಿತದಲ್ಲಿ ಹೇಗೋ ಪಾಸಾದಳು. ಪತ್ರ ಹಿಡಿದು ಅವಳ ಉಪನ್ಯಾಸಕಿಯ ಬಳಿಗೆ ಹೋದೆ. ಅವರು ಓದಿ, ಮೆಲ್ಲಗೆ ಮಡಚಿ ಕೊಟ್ಟರು. "ಅಮ್ಮಾ, ನಮ್ಮಲ್ಲಿ ಇದಕ್ಕೆ ಅಂಕವಿಲ್ಲ. ಇಂಜಿನಿಯರಿಂಗ್‌ಗೆ ದ್ವಿತೀಯ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ವೈದ್ಯಕೀಯಕ್ಕೆ ನೀಟ್. ಸಂಜೆ ಕಳೆದ ಮೂರು ತಾಸನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ" ಎಂದರು.

ನೆಂಟರ ಮಾತು ಪೂರ್ತಿ ಸುಳ್ಳೂ ಅಲ್ಲ. ಅಮೆರಿಕದ ಅನೇಕ ಕಾಲೇಜುಗಳ ಅರ್ಜಿಯಲ್ಲಿ ಸಂಬಳದ ಕೆಲಸವನ್ನೂ ಮನೆಯ ಜವಾಬ್ದಾರಿಯನ್ನೂ ಬರೆಯಲು ಜಾಗವಿದೆ. ನಮ್ಮ ದೇಶದಲ್ಲೂ ಹಲವು ಐಐಎಂಗಳು ಎಂಬಿಎ ಪ್ರವೇಶದಲ್ಲಿ ಪದವಿಯ ನಂತರದ ಉದ್ಯೋಗಾನುಭವವನ್ನು ಗಮನಿಸುತ್ತವೆ. ಆದರೆ ಪಿಯುಸಿ ಓದುವ ಹುಡುಗಿಗೆ ಅದರಿಂದೇನು?

ನಮಗೆ ನಿಜವಾಗಿ ಬೇಕಾದ ಕಾಗದ ಬೇರೆಯೇ ಇತ್ತು. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯಂತೆ ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟು ಮೀಸಲು. ಅದಕ್ಕೆ ಸಹಾಯಕ ಆಯುಕ್ತರ ಅರ್ಹತಾ ಪ್ರಮಾಣಪತ್ರ ಬೇಕು. ನಾವು ಅದಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ!

ಆ ರಾತ್ರಿ ಮಗಳು, "ಅಮ್ಮೀ, ನಾನು ಕೆಲಸ ಬಿಟ್ಟರೆ ಮನೆ ಹೇಗೆ ನಡೆಯುತ್ತದೆ?" ಎಂದು ಕೇಳಿದಳು. ಹದಿನೇಳು ವರ್ಷದ ಹುಡುಗಿ ಕೇಳಬಾರದ ಪ್ರಶ್ನೆ ಅದು. ಮರುದಿನ ನಾನೇ ಆ ಅಂಗಡಿಗೆ ಹೋದೆ. ಈಗ ಅವಳ ಜಾಗದಲ್ಲಿ ನಾನು ಕೂತು ಪೀಕೋ ಹಾಕುತ್ತೇನೆ. ಸಂಜೆಯ ಅಡುಗೆ ಅವಳ ಅಬ್ಬಾ ನೋಡಿಕೊಳ್ಳುತ್ತಾರೆ. ಸಂಪಾದನೆ ಸ್ವಲ್ಪ ಕಡಿಮೆಯೇ, ನನ್ನ ಕೈ ಅವಳಷ್ಟು ಚುರುಕಲ್ಲ. ಅವಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ.

ಸಹೋದರಿಯರೇ, ದುಡಿಯುವ ಮಗಳ ಬಗ್ಗೆ ಹೆಮ್ಮೆಪಡಿ. ಆದರೆ ಅವಳ ದುಡಿಮೆಯ ಬೆಲೆಯನ್ನು ಅವಳ ಓದು ತೆರುತ್ತಿದೆಯೇ ಎಂದು ಒಮ್ಮೆ ನೋಡಿ. ಆಪಾ ಬರೆದುಕೊಟ್ಟ ಪತ್ರ ನನ್ನ ಪೆಟ್ಟಿಗೆಯಲ್ಲಿದೆ. ಅದಕ್ಕೆ ಸೀಟು ಸಿಗದು. ಆ ವರ್ಷ ನಮ್ಮ ಒಲೆ ಉರಿದದ್ದು ಯಾರಿಂದ ಎಂಬುದಕ್ಕೆ ಅದೇ ಸಾಕ್ಷಿ.